ಪೆಟ್ಟಿಗೆಯಲ್ಲಿ ಸಿಕ್ಕ ಕೆಂಚು ಕೂದಲು

"ಕೇಳಿರಿ, ಪ್ರಜೆಗಳೇ ಕೇಳಿರಿ. ರಾಜಕುಮಾರಿ ಚಂಪಲೇಖೆಯವರ ಕಂಪ್ಯೂಟರಿನೊಳಗಿನ ಪುಟ್ಟ ಊರು ಪದೇಪದೇ ನಿಂತುಹೋಗುತ್ತಿದೆ. ಅದಕ್ಕೆ ಏನೇನು ಬೇಕೆಂಬ ಮೂರು ಒಗಟು ಬಿಡಿಸಿ, ಊರನ್ನು ನಡೆಸಿದವನಿಗೆ ರಾಜಕುಮಾರಿ, ಸಿಂಹಾಸನ ಎರಡೂ ಸಲ್ಲುತ್ತವೆ. ತಪ್ಪಿದವನ ತಲೆ ಉಳಿಯದು."

ಡಂಗುರ ಹೊಯ್ದದ್ದೇ ತಡ, ಕುದುರೆ ಇದ್ದವರೆಲ್ಲ ಬಂದರು, ಸೋತರು. ಆ ಊರೆಂದರೆ ಒಂದು ಆಟ. ಅದರೊಳಗಿನ ಬೊಂಬೆಗಳು ನಮ್ಮಂತೆಯೇ ಉಣ್ಣುತ್ತವೆ, ಮಲಗುತ್ತವೆ, ಮದುವೆಯಾಗುತ್ತವೆ. ಸೋತವನನ್ನು ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿ ತಲೆ ಬೋಳಿಸುತ್ತಿದ್ದರು. ಅಷ್ಟರಲ್ಲಿ ಚಂಪಲೇಖೆ ಅವನ ಮುಖ ನೋಡಿಕೊಂಡು ಅಂಥದೇ ಬೊಂಬೆ ಮಾಡುತ್ತಿದ್ದಳು. ಅವನನ್ನು ಕೊಲ್ಲಿಸಿದ ಮೇಲೆ ಬೊಂಬೆಯನ್ನು ಬಾಗಿಲಿಲ್ಲದ ಕೋಣೆಯಲ್ಲಿಟ್ಟು, ಸಾಯದಷ್ಟು ತುತ್ತು ಕೊಟ್ಟು, ಅದು ಹಸಿವಿನಿಂದ ಅಳುವುದನ್ನು ನೋಡುತ್ತ ತಾಂಬೂಲ ಮೆಲ್ಲುತ್ತಿದ್ದಳು. ಅಂಥ ನೀಚಳಿಗೆ ಇಂಥ ಒಳ್ಳೆಯ ಹೆಸರು ಇಟ್ಟವರಾರೋ.

ಗುಜರಿ ಆಯುವ ದ್ಯಾವ ಸಿಂಹಾಸನಕ್ಕಾಗಿ ಬಂದವನಲ್ಲ. ಅವನ ಅಣ್ಣ, ಕೆಂಚುಗೂದಲಿನ ಕೆಂಚ, ಅಲ್ಲಿ ಸೋತು ಸತ್ತಿದ್ದ. ಅವನ ಬೊಂಬೆ ಇನ್ನೂ ಅಳುತ್ತಿದೆಯೆಂದು ಕೇಳಿದ ಮೇಲೆ ದ್ಯಾವನಿಗೆ ಅನ್ನ ಸೇರಲಿಲ್ಲ. ಅಂದು ಅವನ ಜೊತೆಗೆ ಒಬ್ಬ ಅರಸುಮಗ, ಮಂತ್ರಿಯ ಮಗ ಇದ್ದರು.

"ಊರಿನವರೆಲ್ಲ ಈಗ ಏನು ಮಾಡುತ್ತಿದ್ದಾರೆಂದು ಅವನಿಗೆ ಗೊತ್ತು. ಕರೆಂಟ್ ಹೋದರೆ ಒಬ್ಬರ ಹೆಸರೂ ನೆನಪಿಲ್ಲ. ಯಾರವನು?" ಎಂದಳು ಚಂಪಲೇಖೆ.

"ಹಾರ್ಡ್ ಡಿಸ್ಕ್," ಎಂದ ಅರಸುಮಗ. ಕ್ಷೌರಿಕ ಅವನನ್ನು ಕೂರಿಸಿಕೊಂಡ.

"ಅದು ಕರೆಂಟ್ ಹೋದ್ರೂ ಮರೆಯಲ್ಲ, ಅಮ್ಮಣ್ಣಿ. ಮರೆಯೋದು ರ‍್ಯಾಮು," ಎಂದ ದ್ಯಾವ.

"ಊರಿನ ಚಿತ್ರವನ್ನು ಕ್ಷಣಕ್ಷಣಕ್ಕೂ ಬಿಡಿಸುವವನೊಬ್ಬ, ಅದನ್ನು ತೋರಿಸಿ ಹೊಗಳಿಸಿಕೊಳ್ಳುವವನು ಇನ್ನೊಬ್ಬ. ಬಿಡಿಸುವವನು ಯಾರು?"

ಮಂತ್ರಿಯ ಮಗ ಮಾನಿಟರ್ ಎಂದ. ಅವನ ಕೂದಲೂ ಉದುರಿತು.

"ತೋರ್ಸೋದು ಮಾನಿಟರು. ಬಿಡ್ಸೋದು ಗ್ರಾಫಿಕ್ಸ್ ಕಾರ್ಡು," ಎಂದ ದ್ಯಾವ.

ಚಂಪಲೇಖೆಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. "ಲೆಕ್ಕ ಮಾಡನು, ನೆನಪಿಡನು, ಚಿತ್ರ ಬಿಡಿಸನು. ಅವನು ಕೈಕಟ್ಟಿ ಕೂತರೆ ಊರಿಗೂರೇ ನಿಲ್ಲುತ್ತದೆ. ಯಾರು?"

"ಬಿಸಿ ಹೊರಗೆ ಹಾಕೋ ಫ್ಯಾನು. ನಿಮ್ಮದು ಕೈಕಟ್ಟಿ ಕೂತೈತೆ, ತೋರಿಸ್ತೀನಿ."

ಒಗಟು ಕಟ್ಟಿಕೊಟ್ಟ ಆಸ್ಥಾನದ ವಿದ್ವಾಂಸರು ಹೇಳಿದ್ದ ಉತ್ತರ ಅವಳಿಗೂ ಗೊತ್ತಿತ್ತು. ರಾಜಕುಮಾರಿಯ ಪೆಟ್ಟಿಗೆ ಬಿಚ್ಚುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ದ್ಯಾವ ತಿರುಪು ಬಿಚ್ಚಿದ. ಫ್ಯಾನಿನ ತುಂಬ ಸತ್ತವರ ಕೂದಲು ಸುತ್ತಿಕೊಂಡಿತ್ತು, ಕರಿಯದು, ನರೆತದ್ದು, ನಡುವೆ ಒಂದು ಎಳೆ ಕೆಂಚು. ಅವನು ಆ ಕೆಂಚು ಎಳೆಯನ್ನು ಪಂಚೆಯ ತುದಿಗೆ ಕಟ್ಟಿಕೊಂಡು, ಉಳಿದದ್ದನ್ನೆಲ್ಲ ಕಿತ್ತು ತೆಗೆದ.

ಫ್ಯಾನು ತಿರುಗಿತು, ಊರು ನಡೆಯಿತು. "ನಮ್ಮಣ್ಣನ ಗೋಡೆ ಒಡೀರಿ," ಎಂದ. ಅವಳು ನಗುತ್ತ ಮೌಸ್ ಒತ್ತಿದಳು. ಬೊಂಬೆ ಕೆಂಚ ಹೊರಗೆ ಬಂದು ಉಂಡ, ತಟ್ಟೆ ತೊಳೆದ, ಮಲಗಿದ. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಸಾರಿದ ಮಾತು ತಪ್ಪುವಂತಿರಲಿಲ್ಲ. ಅಂದೇ ಅವನಿಗೆ ಪಟ್ಟ ಕಟ್ಟಿದರು.

"ಮದುವೆಗೆ ಮುಹೂರ್ತ ಯಾವಾಗ?" ಎಂದು ಚಂಪಲೇಖೆ ಕೇಳಿದಳು.

ದ್ಯಾವ ಕ್ಷೌರಿಕನನ್ನು ಕರೆಸಿದ. "ಈ ಅಮ್ಮಣ್ಣಿ ತಲೆ ಬೋಳಿಸು. ಪೆಟ್ಟಿಗೆಯಿಂದ ದೂರ ಕೂರ್ಸು, ನಮ್ಮಣ್ಣ ಮಲಗವ್ನೆ. ಫ್ಯಾನು ನಿಲ್ಲಬಾರ್ದು."