ಒಂದು ಮೇಳ, ಎರಡು ವೀಳ್ಯ

"ಒಂದು ಮೇಳ ಒಂದೇ ದಿನ ಎರಡು ಊರುಗಳಲ್ಲಿ ಆಟ ಆಡಬಹುದೇ, ಗುರುಗಳೇ?" ಎಂದು ಐತಪ್ಪ ಭಾಗವತರನ್ನು ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಭಾಗವತರು ತಮ್ಮ ಯಕ್ಷಗಾನ ಮೇಳದ ವ್ಯವಸ್ಥೆಯನ್ನು ಅವನ ಕೈಗೆ ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ. ಆ ಬೆಳಿಗ್ಗೆ ಎರಡು ಊರಿನವರು ಒಂದೇ ಶನಿವಾರಕ್ಕೆ ವೀಳ್ಯ ತಂದು ಜಗಲಿಯಲ್ಲಿ ಕುಳಿತಿದ್ದರು. ವೀಳ್ಯ ಹಿಡಿದರೆ ಆಟಕ್ಕೆ ಒಪ್ಪಿದಂತೆ. ಹಿಡಿಯದಿದ್ದರೆ ಆ ಊರಿನವರು ಇನ್ನೆಂದೂ ಕರೆಯಲಾರರು ಎಂಬ ಭಯ ಅವನಿಗೆ. ಯೋಚಿಸಿದಷ್ಟೂ ತಲೆ ಗೊಂದಲದ ಗೂಡಾಗುತ್ತಿತ್ತು.

"ನಾನು ಪದ ಹೇಳಿ ಬದುಕಿದವ. ಕತೆ ಹೇಳಿ ಅಭ್ಯಾಸವಿಲ್ಲ. ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೋ," ಎಂದು ಭಾಗವತರು ಶುರುಮಾಡಿದರು.

ಒಂದು ಮೇಳಕ್ಕೆ ಒಬ್ಬ ವ್ಯವಸ್ಥಾಪಕನಿದ್ದ. ಒಳ್ಳೆಯವ. ಒಳ್ಳೆಯವ ಎಂದರೆ, ಯಾರ ಮನಸ್ಸನ್ನೂ ನೋಯಿಸಲಾರದವ. ಹೊಳೆಯ ಆಚೆಯವರೂ ಈಚೆಯವರೂ ಒಂದೇ ದಿನಕ್ಕೆ ಬಂದಾಗ ಇಬ್ಬರ ವೀಳ್ಯವನ್ನೂ ಹಿಡಿದ. ಆಮೇಲೆ ಮೇಳವನ್ನು ಎರಡು ಪಾಲು ಮಾಡಿದ. ರಾಜವೇಷ ಅತ್ತ, ರಾಕ್ಷಸವೇಷ ಇತ್ತ. ಚೆಂಡೆ ಅತ್ತ, ಮದ್ದಳೆ ಇತ್ತ. ಅರ್ಧ ಆಟವಾದ ಮೇಲೆ ವೇಷಗಳೆರಡೂ ಗಾಡಿ ಹತ್ತಿ ಊರು ಬದಲಿಸಬೇಕು. ಅಂದರೆ, ಒಂದು ಊರಿಗೆ ರಾಜನ ಒಡ್ಡೋಲಗ ಮೊದಲು, ಇನ್ನೊಂದು ಊರಿಗೆ ರಾಕ್ಷಸನ ಆರ್ಭಟ ಮೊದಲು. ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ, ಹಿಂದುಮುಂದಾದರೆ ಏನಂತೆ ಎಂದುಕೊಂಡ.

ಐತಪ್ಪನಿಗೆ ಇದು ಒಳ್ಳೆಯ ಉಪಾಯವೆಂದೇ ಕಂಡಿತು. ತನಗೇಕೆ ಹೊಳೆಯಲಿಲ್ಲ ಎಂದು ನಾಚಿಕೆಯೂ ಆಯಿತು.

ನಡುರಾತ್ರಿ ಎರಡು ಗಾಡಿಗಳೂ ಸೇತುವೆಯ ನಡುವೆ ಎದುರುಬದುರಾದವು. ಸೇತುವೆಯ ಅಗಲ ಒಂದೇ ಗಾಡಿಯಷ್ಟು.

"ಗಾಡಿ ಹಿಂದೆ ತೆಗೆಸು ಮಾರಾಯ. ಆ ಊರಲ್ಲಿ ನನ್ನ ಯುದ್ಧ ಬಾಕಿ ಇದೆ," ಎಂದ ರಾಜ.

"ಯಾರ ಸಂಗಡ ಯುದ್ಧ? ನಾನು ಇಲ್ಲಿದ್ದೇನಲ್ಲ," ಎಂದ ರಾಕ್ಷಸ.

ಗಾಡಿಗಳನ್ನು ದಾಟಿಸಲು ಸೇತುವೆಗೆ ಬಂದಿದ್ದ ವ್ಯವಸ್ಥಾಪಕನ ಮುಖವನ್ನು ಇಬ್ಬರೂ ನೋಡಿದರು. ಅವನು ಗಾಡಿಗಳ ನಡುವೆ ನಿಂತೇ ಇದ್ದ. ಅತ್ತ ಕಿವಿಗೊಟ್ಟರೆ ಬರಿಯ ಚೆಂಡೆ, ಇತ್ತ ಕಿವಿಗೊಟ್ಟರೆ ಬರಿಯ ಮದ್ದಳೆ. ಎರಡೂ ಊರಿನವರು ಕಾದು ಕಾದು ಚಾಪೆ ಸುತ್ತಿಕೊಂಡು ಮನೆಗೆ ಹೋದರು. ಮರುವರ್ಷ ಎರಡೂ ಊರುಗಳಿಂದ ವೀಳ್ಯ ಬರಲಿಲ್ಲ.

ಭಾಗವತರು ನಿಲ್ಲಿಸಿದರು.

"ಸೇತುವೆ ಇನ್ನೊಂದು ಮೊಳ ಅಗಲ ಇದ್ದಿದ್ದರೆ ಸರಿಹೋಗುತ್ತಿತ್ತಲ್ಲ, ಗುರುಗಳೇ?"

"ಸೇತುವೆಯನ್ನು ಬಿಡು. ಅದನ್ನು ನಾನು ಸುಮ್ಮನೆ ತಂದದ್ದು. ಸುಮ್ಮನೆ ಎಂದರೆ ಪೂರಾ ಸುಮ್ಮನೆ ಅಲ್ಲ. ನೋಡು, ವ್ಯವಸ್ಥಾಪಕ ಎನ್ನುವವನು ವೇಷದವರಿಗೂ ಊರಿನವರಿಗೂ ನಡುವೆ ನಿಂತವ. ನಡುವೆ ಎಂದರೆ..."

ಶ್ರುತಿ ಕೂಡಿಸಿ ಆಯಿತು, ಅಭ್ಯಾಸಕ್ಕೆ ಬನ್ನಿ ಎಂದು ಒಳಗಿನಿಂದ ಮದ್ದಳೆಯವರು ಕರೆದರು. ಭಾಗವತರು ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದರು. ಬಾಗಿಲಲ್ಲಿ ಒಮ್ಮೆ ತಿರುಗಿ ನಿಂತರು.

"ಆ ಮೇಳದಲ್ಲಿ ಎಲ್ಲ ವೇಷದವರೂ ಇದ್ದರು ಐತಪ್ಪ, 'ಆಗುವುದಿಲ್ಲ' ಎನ್ನುವವನೊಬ್ಬ ಇರಲಿಲ್ಲ."

ಐತಪ್ಪ ಎದ್ದು, ಎರಡು ಊರಿನವರೂ ಕಾದು ಕುಳಿತಿದ್ದ ಜಗಲಿಯತ್ತ ನಡೆದ.