ಕುಡುಗೋಲಮ್ಮನ ಕೆರೆ

ಮರಡಿಪುರದ ಪಡುವಣಕ್ಕೆ ಒಂದು ಕೆರೆ ಇದೆ. ಏರಿಯ ಮೇಲೆ ಗುಡಿಯಿಲ್ಲ. ತೂಬಿನ ಪಕ್ಕ, ನೀರಿನೊಳಗೆ, ಒಂದು ಕಲ್ಲು ನಿಂತಿದೆ. ಅದರಲ್ಲಿ ದೇವರ ಮೂರ್ತಿಯಿಲ್ಲ, ಒಂದು ಕುಡುಗೋಲನ್ನು ಮಾತ್ರ ಕೊರೆದಿದ್ದಾರೆ. ಕೆರೆ ತುಂಬಿದಾಗ ನೀರು ನಿಲ್ಲುವ ಗುರುತಿಗೂ ಕುಡುಗೋಲಿಗೂ ಸರಿಯಾಗಿ ಒಂದು ಗೇಣು ಅಂತರ. ಸುತ್ತಲೂ ಜೊಂಡು. ನಕ್ಷೆಯಲ್ಲಿ ಇದು ಮರಡಿಪುರದ ಕೆರೆ. ಊರವರ ಬಾಯಲ್ಲಿ ಕುಡುಗೋಲಮ್ಮನ ಕೆರೆ. ಚಾಪೆ ಹೆಣೆಯುವ ಮನೆತನದ ಹಾಲಮ್ಮ, ಎಪ್ಪತ್ತು ದಾಟಿದವರು, ಈ ಹೆಸರಿನ ಕಾರಣವನ್ನು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ ಏರಿಯ ಕೆಳಗೆ ಚಾಪೆಯವರ ಹದಿನೆಂಟು ಮನೆಗಳಿದ್ದವಂತೆ. ಕೆರೆಯ ಜೊಂಡೇ ಅವರ ಅನ್ನ. ಕೊಯ್ಲಿಗೆ ಕಟ್ಟಳೆಯಿತ್ತು. ನೀರುಕೋಳಿಯ ಮರಿಗಳು ಗೂಡು ಬಿಟ್ಟು ಈಜುವುದನ್ನು ಕಂಡ ಮೇಲೆಯೇ ಕುಡುಗೋಲು ಕೆರೆಗಿಳಿಯಬೇಕು. ಒಂದು ವರ್ಷ ಮೂಡಣ ಭಾಗ, ಮರುವರ್ಷ ಪಡುವಣ ಭಾಗ. ತುಂಬಿದ ಕೆರೆಯ ನೀರಿನ ಗುರುತಿನಿಂದ ಒಂದು ಗೇಣು ಮೇಲಕ್ಕೆ ಕೊಯ್ಯಬೇಕು. ಕೊಯ್ದ ಬುಡ ಮುಳುಗಿದರೆ ಉಸಿರುಕಟ್ಟಿ ಕೊಳೆಯುತ್ತದೆ. ಗೇಣು ಅಳೆದು ಮೊದಲ ಹಿಡಿ ಕೊಯ್ಯುತ್ತಿದ್ದವಳು ಗಿರಿಯವ್ವ ಎಂಬ ಹಿರಿಯಳು.

ಆ ಸೀಮೆಯನ್ನಾಳಿದ ನಾಯಕನ ಹೆಸರನ್ನು ಚಾಪೆಯವರು ಇಂದಿಗೂ ಹೇಳುವುದಿಲ್ಲ. ಅವನು ಕೆಟ್ಟವನಲ್ಲ ಎನ್ನುತ್ತಾರೆ. ಹಕ್ಕಿಗಳೆಂದರೆ ಅವನಿಗೆ ಪ್ರಾಣ. ಕೆರೆ ನೋಡಲು ಬಂದವನು ಕೊಯ್ದ ಜೊಂಡಿನ ನಡುವೆ ಗೂಡೊಂದು ತೇಲುವುದನ್ನು ಕಂಡ. ಅದು ಮರಿಗಳು ಬಿಟ್ಟುಹೋದ ಹಳೆಯ ಗೂಡು. ಅವನಿಗೆ ಅದು ತಿಳಿಯಲಿಲ್ಲ, ಕೇಳಲೂ ಇಲ್ಲ. ಇನ್ನು ಮೇಲೆ ಯಾರೂ ಜೊಂಡು ಮುಟ್ಟಕೂಡದು, ಕುಡುಗೋಲುಗಳನ್ನೆಲ್ಲ ಉಗ್ರಾಣಕ್ಕೆ ಒಪ್ಪಿಸಬೇಕು ಎಂದು ಆಜ್ಞೆಯಾಯಿತು. ಗಿರಿಯವ್ವ ಕೈಮುಗಿದು ನಿಂತಳು.

"ನಾವು ಕೊಯ್ಯದಿದ್ರೆ ಹಕ್ಕಿಗೆ ಈಜೋಕೆ ನೀರೇ ಉಳಿಯಲ್ಲ, ಬುದ್ಧಿ."

"ನಿನ್ನ ಚಾಪೆಯ ಚಿಂತೇನ ಹಕ್ಕಿ ತಲೆಗೆ ಯಾಕೆ ಕಟ್ತೀಯವ್ವ?" ಎಂದು ನಾಯಕ ನಕ್ಕ.

"ಎರಡೂ ಒಂದೇ ಕೆರೇಲಿವೆ, ಬುದ್ಧಿ."

ಅವಳ ಕುಡುಗೋಲೂ ಉಗ್ರಾಣ ಸೇರಿತು. ಮೊದಲ ವರ್ಷ ಹಕ್ಕಿಗಳು ಹೆಚ್ಚಿದವು, ನಾಯಕ ಹಿಗ್ಗಿದ. ಮೂರನೆಯ ವರ್ಷಕ್ಕೆ ಜೊಂಡು ಕೆರೆಯನ್ನೆಲ್ಲ ಮುಚ್ಚಿತು. ಹಳೆಯ ಕಡ್ಡಿಗಳು ಮುರಿದುಬಿದ್ದು ಕೊಳೆತವು, ನೀರು ಕಪ್ಪಾಯಿತು, ಮೀನು ಸತ್ತು ತೇಲಿತು. ನೀರುಕೋಳಿಗಳು ಹೊರಟುಹೋದವು. ಅಷ್ಟರಲ್ಲಿ ಚಾಪೆಯವರೂ ಒಂದೊಂದೇ ಮನೆ ಖಾಲಿ ಮಾಡಿ ಕಲ್ಲು ಹೊರಲು ಬೇರೆ ಸೀಮೆಗೆ ಹೋಗಿದ್ದರು. ಗಿರಿಯವ್ವ ಒಬ್ಬಳೇ ಉಳಿದಳು.

ನಾಯಕನಿಗೆ ತಪ್ಪು ತಿಳಿಯಿತು, ಆದರೆ ಅರ್ಧ ಮಾತ್ರ. ಜೊಂಡನ್ನೆಲ್ಲ ತೆಗೆಯಿರಿ ಎಂದು ನಲವತ್ತು ಆಳುಗಳನ್ನು ಕಳುಹಿಸಿದ. ಅವರು ಬಗ್ಗಿ, ಕೈಗೆ ಸಿಕ್ಕಷ್ಟು ಆಳಕ್ಕೆ, ನೀರಿನೊಳಗೇ ಕೊಯ್ದರು. ಗಿರಿಯವ್ವ ತೂಬಿನ ಬಳಿಯ ಜೊಂಡಿನಲ್ಲಿ ಎದೆಮಟ್ಟ ನೀರಿಗಿಳಿದು ಅಡ್ಡ ನಿಂತಳು.

"ಏನಮ್ಮ, ಕೊಯ್ಯಬೇಡ ಅಂದಾಗ್ಲೂ ಅಳ್ತೀಯ, ಕೊಯ್ತೀವಿ ಅಂದ್ರೂ ಅಳ್ತೀಯಲ್ಲ!" ಎಂದು ಆಳೊಬ್ಬ ಹಂಗಿಸಿದ.

"ಕ್ಷೌರ ಮಾಡು ಅಂದ್ರೆ ಕತ್ತು ಕೊಯ್ತಾರೇನೋ, ಮಗನೇ?"

ಆಳುಗಳು ನಕ್ಕರು. ಆದರೂ ಮುದುಕಿಯ ಮೈಮುಟ್ಟಿ ಎಳೆಯಲು ಯಾರಿಗೂ ಮನಸ್ಸಾಗಲಿಲ್ಲ. ಮೂರು ಹಗಲು ಅವಳು ಹಾಗೆಯೇ ನಿಂತಳಂತೆ. ಮಿಕ್ಕಿದ್ದನ್ನೆಲ್ಲ ಮುಗಿಸಿ ಅವರು ಹೋದರು. ಮಳೆ ಬಂದು ಕೆರೆ ತುಂಬಿತು. ಕೊಯ್ದ ಬುಡಗಳೆಲ್ಲ ಮುಳುಗಿ ಸತ್ತವು. ಗಿರಿಯವ್ವ ಆ ಮಳೆಗಾಲವನ್ನು ಕಾಣಲಿಲ್ಲ. ನೀರಿನಿಂದ ಎದ್ದವಳು ಜ್ವರ ಬಂದು ಒಂಬತ್ತನೆಯ ದಿನ ತೀರಿಕೊಂಡಿದ್ದಳು. ಅವಳು ನಿಂತಿದ್ದ ಕಡೆ, ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ ಮಾತ್ರ, ಜೊಂಡು ಉಳಿಯಿತು. ಸುದ್ದಿ ಕೇಳಿ ಮರಳಿದ ನಾಲ್ಕು ಮನೆಯವರು ಆ ಕಲ್ಲು ನಿಲ್ಲಿಸಿದರು. ಅವಳ ಕುಡುಗೋಲು ಉಗ್ರಾಣದಲ್ಲಿ ತುಕ್ಕು ಹಿಡಿದು ಸಿಕ್ಕಿತು. ಅದನ್ನಿಟ್ಟೇ ಅಚ್ಚು ಕೊರೆಸಿದರು ಎನ್ನುತ್ತಾರೆ.

ಇಂದಿನ ಜೊಂಡೆಲ್ಲ ಆ ಎರಡು ಚಾಪೆಯಗಲದಿಂದ ಹಬ್ಬಿದ್ದು. ಹಾಲಮ್ಮನವರ ಕಾಲದವರೆಗೂ ಹೆಂಗಸರು ಕಲ್ಲಿನ ಮೇಲೆ ಕೈಯಿಟ್ಟು ಗೇಣು ನೋಡಿಕೊಂಡೇ ಕೊಯ್ಲಿಗೆ ಇಳಿಯುತ್ತಿದ್ದರು. ನೀರುಕೋಳಿಗಳೂ ಇದ್ದವು. ಆರು ವರ್ಷಗಳ ಹಿಂದೆ ಹಕ್ಕಿಗಳ ರಕ್ಷಣೆಗೆಂದು ಕೆರೆಗೆ ತಂತಿಬೇಲಿ ಬಂತು. ಜೊಂಡು ಕೊಯ್ಯುವುದು ಶಿಕ್ಷಾರ್ಹ ಎಂಬ ಫಲಕವಿದೆ. ಕಲ್ಲನ್ನು ನೋಡಲು ಬಂದವರು ಏರಿಯ ಕಡೆಯಿಂದ ತೂಬಿನವರೆಗೆ ಇಳಿಯಬಹುದು. ಆದರೆ ಕುಡುಗೋಲು ಕಾಣಬೇಕಾದರೆ ಈಗ ಜೊಂಡನ್ನು ಎರಡೂ ಕೈಗಳಿಂದ ಸರಿಸಬೇಕು. ಕೆಳಗಿನ ನೀರು ಕಪ್ಪಾಗಿದೆ.