ಹಾಡಿನ ಪೆಟ್ಟಿಗೆಯ ಹಳೇ ಚೀಟಿ

ಕೇಳಿ ಮಕ್ಕಳೇ. ಹೂಂ ಅನ್ನಿ. ಹೂಂ ಅನ್ನದಿದ್ದರೆ ಈ ಕಥೆ ಮುಂದಕ್ಕೆ ಕಾಲಿಡುವುದಿಲ್ಲ.

ನೇಕಾರರ ಓಣಿಯಲ್ಲಿ ಒಂದು ಅಂಗನವಾಡಿ. ಅಂಗನವಾಡಿಯಲ್ಲಿ ಒಂದು ಮೇಜು. ಮೇಜಿನ ಮೇಲೆ ಒಂದು ಕಂಪ್ಯೂಟರು. ಮೇಜಿನ ಕೆಳಗೆ ಒಂದು ಬಿರುಕು. ಬಿರುಕಿನಲ್ಲಿ ಸಣ್ಣವ್ವ ಅನ್ನೋ ಇರುವೆ. ಸಣ್ಣವ್ವನಿಗೆ ಏಳು ಮಕ್ಕಳು.

ದಿನಾ ಊಟದ ಹೊತ್ತಿಗೆ ಕಂಪ್ಯೂಟರು ಹಾಡುತ್ತಿತ್ತು. ಹಾಡು ಕೇಳುತ್ತ ಗಂಗಿ ಉಣ್ಣುತ್ತಿದ್ದಳು. ಗಂಗಿಗೆ ಮೂರು ವರ್ಷ. ಉಣ್ಣುತ್ತ ಕುಣಿಯುತ್ತಿದ್ದಳು. ಕುಣಿದರೆ ಅಗುಳು ಬೀಳುತ್ತಿತ್ತು. ಏಳು ಅಗುಳು ಬಿದ್ದರೆ ಸಾಕು, ಏಳು ಮಕ್ಕಳ ಹೊಟ್ಟೆ ತುಂಬುತ್ತಿತ್ತು.

ಒಂದು ದಿನ ಕಂಪ್ಯೂಟರು ಎದ್ದಿತು. ಆದರೆ ಹಾಡಲಿಲ್ಲ. ಒಂದು ಅಗುಳೂ ಬೀಳಲಿಲ್ಲ.

"ಅವ್ವಾ, ಹಸಿವು," ಅಂದವು ಏಳೂ ಮಕ್ಕಳು.

ಸಣ್ಣವ್ವ ಎದ್ದು ನಿಂತಳು. "ಅತ್ತರ ಅಗುಳು ಬರ್ತದೇನು? ನಾ ಹೋಗಿ ಕೇಳ್ತೀನಿ," ಅಂದಳು.

ಹೋದಳು. ಗಂಗಿಯನ್ನು ಕೇಳಿದಳು.

"ಗಂಗಿ, ಗಂಗಿ, ಉಣ್ಣು. ಅಗುಳು ಬೀಳವಲ್ದು. ನನ್ನ ಮಕ್ಕಳು ಹಸ್ದಾವ."

"ನಾ ಹೆಂಗ ಉಣ್ಲಿ? ಕಂಪ್ಯೂಟರಿನ ಒಳಗಿನ ಹಾಡಿನ ಪೆಟ್ಟಿಗಿ ಹಾಡವಲ್ದು. ಅದನ್ನ ಕೇಳು."

ಕಂಪ್ಯೂಟರಿನ ಬೆನ್ನಿನಲ್ಲಿ ಗಾಳಿಯ ತೂತು. ಸಣ್ಣವ್ವ ಒಳಗೆ ನುಸುಳಿದಳು. ಒಳಗೊಂದು ದೊಡ್ಡ ಮನೆ. ಮನೆ ತುಂಬ ಕೋಣೆ. ಪಾಠದ ಕೋಣೆಯ ಹೊಸ್ತಿಲ ಹೊರಗೆ ಹಾಡಿನ ಪೆಟ್ಟಿಗೆ ಮುಖ ಊದಿಸಿಕೊಂಡು ಕೂತಿತ್ತು.

"ಪೆಟ್ಟಿಗಿ, ಪೆಟ್ಟಿಗಿ, ಹಾಡು. ಗಂಗಿ ಉಣ್ಣವಲ್ಲಳು. ಅಗುಳು ಬೀಳವಲ್ದು. ನನ್ನ ಮಕ್ಕಳು ಹಸ್ದಾವ."

"ನಾ ಹೆಂಗ ಹಾಡ್ಲಿ? ಕಾವಲುಗಾರ ನನ್ನ ಒಳಗ ಬಿಡವಲ್ಲ. ಅವನ್ನ ಕೇಳು."

ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಅವನು ನಗುವುದೂ ಇಲ್ಲ, ಅಳುವುದೂ ಇಲ್ಲ.

"ಕಾವಲಣ್ಣ, ಕಾವಲಣ್ಣ, ಒಳಗ ಬಿಡು. ಪೆಟ್ಟಿಗಿ ಹಾಡವಲ್ದು. ಗಂಗಿ ಉಣ್ಣವಲ್ಲಳು. ಅಗುಳು ಬೀಳವಲ್ದು. ನನ್ನ ಮಕ್ಕಳು ಹಸ್ದಾವ."

"ನಾ ಹೆಂಗ ಬಿಡ್ಲಿ? ಕಂಪ್ಯೂಟರು ಎದ್ದಕೂಡ್ಲೆ ಯಾವ ಕೋಣಿದು ಅಂತ ಎಲ್ಲಾ ಪೆಟ್ಟಿಗಿ ಚೀಟಿ ನೋಡ್ತೀನಿ. ಇದರ ಚೀಟಿಗೆ ನಿಯಮದ ಪುಸ್ತಕ ಒಪ್ಪವಲ್ದು. ಬಿಡಲಿಲ್ಲ ಅಂತ ದಿನಚರಿಯೊಳಗ ಬರದೂ ಇಟ್ಟೀನಿ. ಪುಸ್ತಕನ್ನ ಕೇಳು."

ಪುಸ್ತಕ ದಪ್ಪಗಿತ್ತು. ಅದಕ್ಕೆ ತನ್ನೊಳಗೆ ಬರೆದದ್ದಷ್ಟೇ ಗೊತ್ತು.

"ಪುಸ್ತಕ, ಪುಸ್ತಕ, ಒಪ್ಪು. ಕಾವಲಣ್ಣ ಬಿಡವಲ್ಲ. ಪೆಟ್ಟಿಗಿ ಹಾಡವಲ್ದು. ಗಂಗಿ ಉಣ್ಣವಲ್ಲಳು. ಅಗುಳು ಬೀಳವಲ್ದು. ನನ್ನ ಮಕ್ಕಳು ಹಸ್ದಾವ."

"ನಾ ಹೆಂಗ ಒಪ್ಲಿ? ಚೀಟಿಯೊಳಗ ಆಟದ ಕೋಣಿ ಅಂತ ಐತಿ. ಇದು ಪಾಠದ ಕೋಣಿ. ಚೀಟಿ ಬರೆಯೋ ಮುದುಕ ಹೊಸಾದು ಬರೆಯವಲ್ಲ. ಅವನ್ನ ಕೇಳು."

ಮುದುಕ ಲೇಖನಿ ಹಿಡಿದೇ ಕೂತಿದ್ದ. ಬರೆಯುತ್ತಿರಲಿಲ್ಲ.

"ತಾತಾ, ತಾತಾ, ಚೀಟಿ ಬರಿ. ಪುಸ್ತಕ ಒಪ್ಪವಲ್ದು. ಕಾವಲಣ್ಣ ಬಿಡವಲ್ಲ. ಪೆಟ್ಟಿಗಿ ಹಾಡವಲ್ದು. ಗಂಗಿ ಉಣ್ಣವಲ್ಲಳು. ಅಗುಳು ಬೀಳವಲ್ದು. ನನ್ನ ಮಕ್ಕಳು ಹಸ್ದಾವ."

"ನಾ ಹೆಂಗ ಬರೀಲಿ? ಈ ಮನಿ ಒಡತಿ ಶಿವಲೀಲಕ್ಕ. ಅಕ್ಕ ಅಪ್ಪಣೆ ಕೊಡವಲ್ಲಳು. ಆಕಿನ್ನ ಕೇಳು."

ಸಣ್ಣವ್ವನ ಆರೂ ಕಾಲು ಸೋತಿದ್ದವು. ಆದರೂ ಹೊರಗೆ ಬಂದಳು. ಅಂಗನವಾಡಿಯ ಶಿವಲೀಲಕ್ಕ ಕಂಪ್ಯೂಟರಿನ ಮುಂದೆ ತಲೆ ಕೆರೆದುಕೊಳ್ಳುತ್ತ ಕೂತಿದ್ದಳು.

"ಅಕ್ಕಾ, ಅಕ್ಕಾ, ಅಪ್ಪಣೆ ಕೊಡು. ತಾತ ಬರೆಯವಲ್ಲ. ಪುಸ್ತಕ ಒಪ್ಪವಲ್ದು. ಕಾವಲಣ್ಣ ಬಿಡವಲ್ಲ. ಪೆಟ್ಟಿಗಿ ಹಾಡವಲ್ದು. ಗಂಗಿ ಉಣ್ಣವಲ್ಲಳು. ಅಗುಳು ಬೀಳವಲ್ದು. ನನ್ನ ಮಕ್ಕಳು ಹಸ್ದಾವ!"

ಅಕ್ಕನಿಗೆ ಕೇಳಿಸಲಿಲ್ಲ. ಇರುವೆಯ ಮಾತು ನಿಮ್ಮಂಥ ಚಿಕ್ಕವರಿಗಷ್ಟೇ ಕೇಳಿಸುವುದು. ದೊಡ್ಡವರ ಕಿವಿ ದೊಡ್ಡದು, ಅಷ್ಟೇ.

"ನಿನ್ನೆ ಹಾಡ್ತಿತ್ತು. ಇವತ್ತ ಯಾಕ ಹಾಡವಲ್ದು?" ಅಂದಳು ಅಕ್ಕ. "ಸಾಕಾತು. ಎಲ್ಲಾಕ್ಕೂ ಅಡ್ಡ ಬರೋ ಆ ಕಾವಲುಗಾರನ್ನೇ ತಗದು ಹಾಕ್ತೀನಿ."

"ಅಯ್ಯೋ! ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನು? ನಾಳೆ ಕಳ್ಳ ಬಂದ್ರ?" ಅಂದಳು ಸಣ್ಣವ್ವ. ಅದೂ ಅಕ್ಕನಿಗೆ ಕೇಳಿಸಲಿಲ್ಲ.

ಪರದೆಯ ಮೇಲೆ ಕಂಪ್ಯೂಟರಿನ ದಿನಚರಿ ತೆರೆದಿತ್ತು. ಸಾಲು ಸಾಲು ಸಾಲು. ಅಕ್ಕ ಒಂದನ್ನೂ ಓದಿರಲಿಲ್ಲ. ಸಣ್ಣವ್ವ ಪರದೆ ಹತ್ತಿದಳು. ಓಡಿದಳು. ಕಾವಲುಗಾರ ಬರೆದ ಸಾಲು ಹುಡುಕಿದಳು. ಅದರ ಮೇಲೆ ನಿಂತಳು. ಅಲ್ಲಾಡಲಿಲ್ಲ.

"ಥೂ, ಇರುವಿ," ಅಂದಳು ಅಕ್ಕ. ಒರೆಸಲು ಬೆರಳು ಚಾಚಿದಳು. ಬೆರಳು ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು. ಸಣ್ಣವ್ವನಿಗೆ ಜೀವ ಬಾಯಿಗೆ ಬಂತು. ಆದರೂ ಅಲ್ಲಾಡಲಿಲ್ಲ.

ಬೆರಳು ನಿಂತಿತು. ಅಕ್ಕ ಓದಿದಳು.

"ಹಾಡಿನ ಪೆಟ್ಟಿಗೆ ಬಂತು. ಚೀಟಿಯಲ್ಲಿ ಆಟದ ಕೋಣೆ. ಬಂದದ್ದು ಪಾಠದ ಕೋಣೆಗೆ. ಬಿಡಲಿಲ್ಲ."

"ಅಯ್ಯ ಶಿವನ!" ಅಕ್ಕ ಹಣೆ ಬಡಿದುಕೊಂಡಳು. "ನಿನ್ನೆ ನಾನೇ ಪೆಟ್ಟಿಗಿ ಎಳದು ಪಾಠದ ಕೋಣಿಗೆ ತಂದೆ. ಚೀಟಿ ಬದಲಿಸಲಿಲ್ಲ. ಗಂಡನ ಮನಿಗೆ ಬಂದ ತಂಬಿಗಿ ಮ್ಯಾಲೆ ಅಪ್ಪನ ಹೆಸರು ಉಳದಂಗ ಆತು. ತಪ್ಪು ನಂದು, ಬೈದದ್ದು ಕಾವಲುಗಾರನ್ನ!"

ಅಕ್ಕ ಅಪ್ಪಣೆ ಕೊಟ್ಟಳು. ತಾತ ಚೀಟಿ ಬರೆದ. ಅಕ್ಕ ಕಂಪ್ಯೂಟರನ್ನು ಮಲಗಿಸಿ ಮತ್ತೆ ಎಬ್ಬಿಸಿದಳು. ಪುಸ್ತಕ ಒಪ್ಪಿತು. ಕಾವಲಣ್ಣ ಬಿಟ್ಟ. ಪೆಟ್ಟಿಗೆ ಹಾಡಿತು. ಗಂಗಿ ಉಂಡಳು. ಉಂಡಳು, ಕುಣಿದಳು. ಅಗುಳು ಬಿತ್ತು.

ಒಂದು ಬಿತ್ತು. ಎರಡು ಬಿತ್ತು. ಮೂರು ಬಿತ್ತು. ನಾಲ್ಕು ಬಿತ್ತು. ಐದು ಬಿತ್ತು. ಆರು ಬಿತ್ತು.

ಹಾಡು ಮುಗಿಯಿತು. ಗಂಗಿ ನಿಂತಳು.

ಅಗುಳು ಆರು. ಮಕ್ಕಳು ಏಳು. ಸಣ್ಣವ್ವ ಮತ್ತೊಮ್ಮೆ ಎಣಿಸಿದಳು. ಮೇಲೆ ಗಂಗಿಯನ್ನು ನೋಡಿದಳು.

ಗಂಗಿ ಕೆಳಗೆ ನೋಡಿದಳು. "ಅಕ್ಕಾ, ಇನ್ನೊಮ್ಮೆ!" ಅಂದಳು.

ಪೆಟ್ಟಿಗೆ ಇನ್ನೊಮ್ಮೆ ಹಾಡಿತು. ಏಳನೇ ಅಗುಳು ಸಣ್ಣವ್ವನ ಮೂಗಿನ ಮುಂದೆಯೇ ಬಿತ್ತು.

ಅಗುಳು ಗೂಡು ಸೇರಿತು. ಕಥೆ ನಿಮ್ಮ ಕಿವಿ ಸೇರಿತು. ಈಗ ತಟ್ಟೆಯ ಅನ್ನ ನಿಮ್ಮ ಹೊಟ್ಟೆ ಸೇರಲಿ. ಒಂದು ಅಗುಳು ಚೆಲ್ಲಿದರೆ ನಾನೇನೂ ಬೈಯುವುದಿಲ್ಲ.